ವಾಲೋಂಗ್‌ಗೆ ಎರಡೇ ಸಾಲಾ?

1962ರ ಭಾರತ-ಚೀನಾ ಯುದ್ಧದ ಬಗ್ಗೆ ನಿಮ್ಮ ಲೇಖನದಲ್ಲಿ ಇಷ್ಟುದ್ದ ಬರೆದು ವಾಲೋಂಗ್ ಕದನವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದು ಸ್ವಲ್ಪ ಬೇಸರ ತಂದಿತು. ಲಡಾಖ್‌ನ ರೆಜಾಂಗ್ ಲಾ ಕದನ ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದದ್ದೇ. ಆದರೆ ಈಗಿನ ಅರುಣಾಚಲದ ಪೂರ್ವ ಮೂಲೆಯಲ್ಲಿ, ಲೋಹಿತ್ ನದಿಯ ದಡದಲ್ಲಿ ನಡೆದದ್ದು ಅದಕ್ಕಿಂತ ಕಡಿಮೆಯೇನಲ್ಲ.

ಉಳಿದ ಕಡೆಯಿಂದ ಬರೀ ಹಿಂದೆ ಸರಿದ ಸುದ್ದಿ ಬರುತ್ತಿದ್ದಾಗ ಇಲ್ಲಿ ನಮ್ಮವರೇ ಮೇಲೆ ಬಿದ್ದು ದಾಳಿ ಮಾಡಿದರು. ನವೆಂಬರ್ 14ರಂದು ಕುಮಾವೂಂ ರೆಜಿಮೆಂಟಿನ 6ನೇ ಪಡೆಯ ಹುಡುಗರು 'ಯೆಲ್ಲೊ ಪಿಂಪಲ್' ಅನ್ನೋ ಗುಡ್ಡ ಹತ್ತಿದರು. ಸರಿಯಾದ ಚಳಿ ಬಟ್ಟೆ ಇಲ್ಲ. ಕೈಯಲ್ಲಿ ಹಳೇ .303 ರೈಫಲ್. ಒಂದು ಗುಂಡು ಹಾರಿಸಿ, ಬೋಲ್ಟ್ ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಆಮೇಲೆ ಇನ್ನೊಂದು. ಮರಗಟ್ಟಿದ ಬೆರಳಲ್ಲಿ ಅದನ್ನು ಮಾಡಿ ನೋಡಿ! ಎದುರಿಗೆ ಬಂಕರ್‌ನಲ್ಲಿ ಆಟೋಮ್ಯಾಟಿಕ್ ಬಂದೂಕು ಹಿಡಿದು ಕೂತ ಚೀನೀ ಸೈನಿಕರು. ಆದರೂ ತುದಿಗೆ ಕೂಗಳತೆಯಷ್ಟು ಹತ್ತಿರ ಹೋಗಿದ್ದರು. ಗುಡ್ಡ ಮಾತ್ರ ಕೈಗೆ ಸಿಗಲಿಲ್ಲ.

ಜೊತೆಗೆ ಸಿಖ್, ಗೂರ್ಖಾ, ಡೋಗ್ರಾ ಪಡೆಗಳೂ ಇದ್ದವು. ಕಣಿವೆಗೆ ಸರಿಯಾದ ರಸ್ತೆಯೇ ಇರಲಿಲ್ಲ, ಸಾಮಾನೆಲ್ಲ ವಿಮಾನದಿಂದಲೇ ಬರಬೇಕು. 16ಕ್ಕೆ ಹಿಂದೆ ಸರಿಯುವ ಆದೇಶ ಬಂತು. ಕೆಲವು ತುಕಡಿಗಳಿಗೆ ಅದು ತಲುಪಲೇ ಇಲ್ಲ. ಅವರು ಗುಂಡು ಮುಗಿಯುವವರೆಗೂ ಕಾದಾಡಿದರು.

ಸೋತ ಯುದ್ಧ ಅಂತ ಇದನ್ನೆಲ್ಲ ಮೂಲೆಗೆ ಹಾಕಿಬಿಟ್ಟೆವು, ಅಲ್ವಾ? ತಪ್ಪು ದೆಹಲಿಯ ಮೇಜಿನ ಮೇಲೆ ಆಗಿದ್ದು, ಗುಡ್ಡದ ಮೇಲಲ್ಲ. ಮುಂದಿನ ಸಲ ಬರೆಯುವಾಗ ವಾಲೋಂಗ್ ಹತ್ತಿರದ ನಾಮ್ತಿಯಲ್ಲಿ ಸಿಖ್ ಪಡೆಯವರು ಕಾದು ಕೂತು ಚೀನೀಯರನ್ನು ಹೊಡೆದದ್ದನ್ನೂ ಸೇರಿಸಿ ಸಾರ್.