3,000 ಅಡಿ ಎತ್ತರದ ಕರಾವಳಿ

ಬೆಂಗಳೂರಿಗೆ ಸಮುದ್ರ ಇಲ್ಲ ಅಂತ ಯಾರು ಹೇಳಿದ್ದು? ಮೇ ತಿಂಗಳ ಒಂದು ಸಂಜೆ ಮುಕ್ಕಾಲು ಗಂಟೆ ಜೋರು ಮಳೆ ಬರಲಿ, ಸಿಲ್ಕ್ ಬೋರ್ಡ್ ಕಡೆ ಹೋಗಿ ನಿಂತು ನೋಡಿ. ಅಲೆ ಇದೆ, ನೊರೆ ಇದೆ, ತೇಲುವ ಸ್ಕೂಟರ್ ಇದೆ, ದಡದಲ್ಲಿ ಚುರುಮುರಿ ಗಾಡಿಯೂ ಇದೆ. ಬಸ್ಸು ಹೋದರೆ ಉಬ್ಬರ, ಬಸ್ಸು ಕೆಟ್ಟು ನಿಂತರೆ ಇಳಿತ. ಮಂಗಳೂರಿನವರು ಚಂದ್ರನನ್ನು ನೋಡಿ ಲೆಕ್ಕ ಹಾಕುತ್ತಾರೆ, ನಾವು ಬಿಎಂಟಿಸಿ ನೋಡಿ ಹಾಕುತ್ತೇವೆ. ಅಷ್ಟೇ ವ್ಯತ್ಯಾಸ.

ಮುಂಬೈ, ಚೆನ್ನೈ, ಕೊಚ್ಚಿ ಮುಳುಗಿದರೆ ಅದರಲ್ಲಿ ಏನು ಹೆಚ್ಚುಗಾರಿಕೆ? ಸಮುದ್ರದ ಮಗ್ಗುಲಲ್ಲೇ ಕೂತ ಊರುಗಳು. ನಾವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ. ಅದೂ ದಿಣ್ಣೆಯ ನೆತ್ತಿಯ ಮೇಲೆ. ಬಿದ್ದ ನೀರು ಯಾರ ಸಹಾಯವೂ ಇಲ್ಲದೆ ಸುಮ್ನೆ ಇಳಿದು ಹೋಗಬೇಕು. ಅಂಥ ಜಾಗದಲ್ಲಿ ಮುಳುಗಿ ತೋರಿಸೋದಕ್ಕೆ ಸಾಮಾನ್ಯ ಪ್ರತಿಭೆ ಸಾಲದು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದಾಗ ಇಡೀ ದೇಶವೇ ನಮ್ಮ ಪ್ರತಿಭೆಯನ್ನು ಟಿವಿಯಲ್ಲಿ ನೋಡಿತು.

ಹಾಗಾಗಿ ಈಚೆಗೆ ನಗರದ ಒಂದು ಸ್ಟಾರ್ ಹೋಟೆಲ್‌ನಲ್ಲಿ 'ಹಸಿರು ಮೂಲಸೌಕರ್ಯದಿಂದ ಕರಾವಳಿ ನೀರಿನ ರಕ್ಷಣೆ' ಅಂತ ವಿಚಾರ ಸಂಕಿರಣ ನಡೆದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಉದ್ಘಾಟನೆ ಒಂದೂವರೆ ಗಂಟೆ ತಡವಾಯಿತು. ಮುಖ್ಯ ಅತಿಥಿಗಳು ಅಂಡರ್‌ಪಾಸ್ ನೀರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಬಂದವರೇ ಕುಂಡದಲ್ಲಿದ್ದ ಗಿಡಕ್ಕೆ ನೀರೆರೆದು ಕಾರ್ಯಕ್ರಮ ಉದ್ಘಾಟಿಸಿದರು. ಗಿಡ ಪ್ಲಾಸ್ಟಿಕ್‌ದು. ಪರವಾಗಿಲ್ಲ, ನೀರು ಬಾಟಲಿಯದು.

ವಿಷಯದಲ್ಲಿ ಮಾತ್ರ ಹುರುಳಿತ್ತು. ಮಳೆ ಬಂದಾಗ ಮೊದಲು ಹರಿಯುವ ನೀರಿದೆಯಲ್ಲ, ಅದು ರಸ್ತೆ ತೊಳೆದ ನೀರು. ಎಂಜಿನ್ ಎಣ್ಣೆ, ಟೈರ್ ಸವೆದ ಪುಡಿ, ನಾಯಿ ಹೇಲು, ಗುಟ್ಕಾ ಪೊಟ್ಟಣ, ಎಲ್ಲವೂ ಅದರಲ್ಲಿ. ಕಡಲೂರುಗಳಲ್ಲಿ ಇದು ನೇರ ಸಮುದ್ರ ಸೇರುತ್ತದೆ. ಹಾಗೆ ಸೇರುವ ಮೊದಲೇ ಅದನ್ನು ಗಿಡ, ಮಣ್ಣು, ಜೌಗಿನಲ್ಲಿ ತಡೆದು ಸೋಸುವುದಕ್ಕೇ ಹಸಿರು ಮೂಲಸೌಕರ್ಯ ಅನ್ನುವುದು. ಮಳೆ ಬಂದು ಹೋದ ಮೇಲೆ ಮೂರು ದಿನ ಸಮುದ್ರಕ್ಕೆ ಇಳಿಯಬೇಡಿ ಅಂತ ಲಾಸ್ ಏಂಜಲೀಸ್‌ನ ಆರೋಗ್ಯ ಇಲಾಖೆ ಜನರನ್ನು ಎಚ್ಚರಿಸುತ್ತದೆ. ನಮ್ಮಲ್ಲಿ ಅಂಥ ಎಚ್ಚರಿಕೆ ಕೊಟ್ಟರೆ ಜನ ಮೂರು ದಿನ ಮನೆಯಿಂದಲೇ ಇಳಿಯುವ ಹಾಗಿಲ್ಲ. ಬಸ್ ಸ್ಟಾಪ್ ಇರೋದೇ ಆ ನೀರಿನಲ್ಲಿ.

ನಮಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಸಂಬಂಧ ಗಟ್ಟಿಯಾಗಿಯೇ ಇದೆ. ಪಶ್ಚಿಮದ ಕಡೆಯ ನೀರು ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿ ಸೇರುತ್ತದೆ. ಪೂರ್ವದ ಕಡೆಯದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನಮ್ಮ ನೊರೆ ಗುಡ್ಡೆಗುಡ್ಡೆಯಾಗಿ ಏಳುವುದನ್ನು ತಮಿಳುನಾಡಿನ ಟಿವಿಯವರು ಪ್ರತಿ ವರ್ಷ ತೋರಿಸುತ್ತಾರೆ. ಎರಡೂ ಕೊನೆಗೆ ಬಂಗಾಳ ಕೊಲ್ಲಿಗೆ. ಕಾವೇರಿ ನೀರು ಬಿಡಿ ಅಂದರೆ ಬಂದ್ ಮಾಡುತ್ತೇವೆ, ಟೈರ್ ಸುಡುತ್ತೇವೆ. ಮೋರಿ ನೀರನ್ನು ಮಾತ್ರ ಯಾರೂ ಕೇಳದೇ ಇದ್ದರೂ, ಯಾವ ನ್ಯಾಯಾಧಿಕರಣವೂ ಹೇಳದೇ ಇದ್ದರೂ, ವರ್ಷಪೂರ್ತಿ ಬಿಡುತ್ತೇವೆ. ಇಂಥ ಧಾರಾಳ ನೆರೆಯವರು ಎಲ್ಲಿ ಸಿಗುತ್ತಾರೆ, ಹೇಳಿ.

ಬೆಳ್ಳಂದೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2018ರ ಜನವರಿಯಲ್ಲಿ ಆ ಕೆರೆಗೆ ಬಿದ್ದ ಬೆಂಕಿ ಆರಿಸಲು ಸೈನಿಕರೇ ಬರಬೇಕಾಯಿತು. ಬೆಂಕಿ ಬಿದ್ದರೆ ನೀರು ಹಾಕಬಹುದು. ನೀರಿಗೇ ಬೆಂಕಿ ಬಿದ್ದರೆ ಏನು ಹಾಕೋಣ?

ಹಳೇ ಕಥೆಯೂ ಎಲ್ಲರಿಗೂ ಗೊತ್ತಿರುವುದೇ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಾವು ಧರ್ಮಾಂಬುಧಿ ಕೆರೆಯನ್ನು ಮೆಜೆಸ್ಟಿಕ್ ಬಸ್ ನಿಲ್ದಾಣ ಮಾಡಿದೆವು, ಸಂಪಂಗಿ ಕೆರೆಯನ್ನು ಕಂಠೀರವ ಕ್ರೀಡಾಂಗಣ ಮಾಡಿದೆವು, ಕೋರಮಂಗಲದ ಕೆರೆಯಲ್ಲಿ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅಪಾರ್ಟ್‌ಮೆಂಟ್ ಕಟ್ಟಿದೆವು. ಆದರೆ ವಿಳಾಸ ಬದಲಾಗಿದೆ ಅಂತ ನೀರಿಗೆ ಯಾರೂ ನೋಟಿಸ್ ಕೊಡಲಿಲ್ಲ. ಪಾಪ, ಅದು ಪ್ರತಿ ಮಳೆಗೂ ಹಳೇ ವಿಳಾಸಕ್ಕೇ ಬಂದು ಬಾಗಿಲು ತಟ್ಟುತ್ತದೆ.

ಈಗ ನಮ್ಮ ಬಡಾವಣೆಯ ಮಳೆತೋಟದ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಮಳೆತೋಟ ಅಂದರೆ ಆ ಹಸಿರು ಮೂಲಸೌಕರ್ಯದ್ದೇ ಒಂದು ತುಣುಕು, ಏನೂ ದೊಡ್ಡ ವಿದ್ಯೆಯಲ್ಲ. ರಸ್ತೆ ಪಕ್ಕ, ರಸ್ತೆಗಿಂತ ತಗ್ಗಿನಲ್ಲಿ ಒಂದು ಪಾತಿ. ಮರಳು ಬೆರೆಸಿದ ಮಣ್ಣು, ಅದರ ಕೆಳಗೆ ಜಲ್ಲಿ, ಮೇಲೆ ನೀರನ್ನೂ ಬಿಸಿಲನ್ನೂ ತಾಳುವ ಗಿಡ. ರಸ್ತೆ ಅಂಚಿನ ಕಲ್ಲಿನಲ್ಲಿ ಒಂದು ಕಿಂಡಿ. ಮಳೆ ನೀರು ಕಿಂಡಿಯಿಂದ ಒಳಗೆ ಬರುತ್ತದೆ, ಎಣ್ಣೆ ಕೊಳೆಯೆಲ್ಲ ಮಣ್ಣಿನಲ್ಲೇ ಉಳಿಯುತ್ತದೆ, ನೀರು ಇಂಗುತ್ತದೆ, ಜಾಸ್ತಿಯಾದದ್ದು ಮೋರಿಗೆ ಹೋಗುತ್ತದೆ. ಒಂದೆರಡು ದಿನದಲ್ಲಿ ಪಾತಿ ಒಣಗುತ್ತದೆ. ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ತನಕ ಬರೋಕೆ ವಾರ ಬೇಕು, ಆ ಅವಕಾಶ ಅದಕ್ಕೆ ಸಿಗುವುದಿಲ್ಲ. ನಮ್ಮ ಅಜ್ಜಿಯಂದಿರು ಬಚ್ಚಲ ನೀರಿನ ಬಾಯಿಗೆ ಬಾಳೆ, ಕೆಸು ನೆಟ್ಟು ಇದನ್ನೇ ಮಾಡುತ್ತಿದ್ದರು. ಪಿಪಿಟಿ ಮಾಡಿರಲಿಲ್ಲ, ಅಷ್ಟೇ.

ಸಂಬಂಧಪಟ್ಟವರು ನಮ್ಮ ಮುಖ್ಯರಸ್ತೆಗೆ ಅಂಥದ್ದೊಂದು ಮಂಜೂರು ಮಾಡಿದರು. ಗುದ್ದಲಿ ಪೂಜೆ ಆಯಿತು. ಮೊದಲು ಬೋರ್ಡ್ ಬಂತು. ಬೋರ್ಡಿನಲ್ಲಿ ಹನ್ನೊಂದು ಜನ ಗಣ್ಯರ ಫೋಟೋ, ಕೆಳಗಡೆ ಮೂಲೆಯಲ್ಲಿ ಒಂದು ಎಲೆ. ಆಮೇಲೆ ತೋಟ ಬಂತು. ತಗ್ಗಿನ ಬದಲು ದಿಬ್ಬ. ಸುತ್ತ ಮೊಣಕಾಲೆತ್ತರದ ಕಟ್ಟೆ, ಕಟ್ಟೆಗೆ ಕನ್ನಡಿ ಹಾಗೆ ಹೊಳೆಯುವ ಗ್ರಾನೈಟ್. ಮಧ್ಯದಲ್ಲಿ ಹುಲ್ಲುಹಾಸು, ಅದರ ಮೇಲೆ ಸಿಮೆಂಟಿನ ಎರಡು ಜಿಂಕೆ. ಒಂದು ಜಿಂಕೆ ಬಗ್ಗಿ ನೀರು ಕುಡಿಯುವ ಭಂಗಿಯಲ್ಲಿದೆ. ಪಾಪ, ಅದೊಂದಕ್ಕೇ ಯೋಜನೆಯ ಉದ್ದೇಶ ಅರ್ಥವಾಗಿರೋದು.

ಕಿಂಡಿ ಮಾತ್ರ ಇಲ್ಲ.

ಮೊದಲ ಮಳೆ ಬಂತು. ರಸ್ತೆ ನೀರು ಬಂದು ಕಟ್ಟೆಗೆ ಒರಗಿ ನಿಂತಿತು. ಒಳಗೆ ಮಳೆತೋಟ, ಹೊರಗೆ ಮಳೆ ನೀರು, ನಡುವೆ ಪಾಲಿಶ್ ಮಾಡಿದ ಗ್ರಾನೈಟ್. ಬೆಳಿಗ್ಗೆ ಹೋಗಿ ನೋಡಿದರೆ ಟ್ಯಾಂಕರ್ ಬಂದಿದೆ. ಚಕ್ರದ ಅರ್ಧದವರೆಗೆ ಮಳೆ ನೀರು. ಅದರೊಳಗೆ ಟ್ಯಾಂಕರ್ ನಿಲ್ಲಿಸಿಕೊಂಡು ಹುಡುಗ ಪೈಪ್ ಹಿಡಿದು ಮಳೆತೋಟಕ್ಕೆ ನೀರು ಬಿಡುತ್ತಿದ್ದಾನೆ.

"ಏನಪ್ಪಾ, ರಾತ್ರಿ ಅಷ್ಟು ಮಳೆ ಬಂತಲ್ಲ, ಮತ್ತೆ ನೀರು ಯಾಕೆ?"

"ದಿನಾ ಒಂದು ಲೋಡ್ ಹಾಕ್ಬೇಕು ಅಂತ ಆರ್ಡರ್ ಐತೆ ಸಾರ್. ಮಳೆ ಬಂದ್ರೆ ಬೇಡ ಅಂತ ಬರ್ದಿಲ್ಲ."

"ನೀರು ಎಲ್ಲಿಂದ ತರ್ತೀಯ?"

"ಬೋರ್‌ವೆಲ್‌ದೇ ಸಾರ್. ಇನ್ನೆಲ್ಲಿ ಬರ್ಬೇಕು?"

ಗೇಟಿನ ಹತ್ತಿರ ನಿಂತು ರಂಗೋಲಿ ಹಾಕಲು ಒಣ ಜಾಗ ಹುಡುಕುತ್ತಿದ್ದ ಎದುರು ಮನೆ ಅಜ್ಜಿ ಕೇಳಿಸಿಕೊಂಡರು. "ಅಲ್ಲಪ್ಪಾ, ಭೂಮಿಗೆ ನೀರು ಇಂಗಿಸೋಕೆ ಅಂತ ತೋಟ ಮಾಡಿ, ಅದಕ್ಕೆ ಹಾಕೋ ನೀರನ್ನ ಭೂಮಿಯಿಂದಾನೇ ಎತ್ತುತೀರಾ?" ಅಂದರು. ಹುಡುಗ ತಲೆ ಕೆರೆದುಕೊಂಡ. ಆ ಪ್ರಶ್ನೆಯೂ ಆರ್ಡರ್‌ನಲ್ಲಿ ಇರಲಿಲ್ಲ.

ಪರಿಶೀಲನೆಗೆ ಬಂದ ಎಂಜಿನಿಯರ್ ಒಬ್ಬರು ಸಿಕ್ಕರು. ಒಳ್ಳೆಯ ಮನುಷ್ಯ, ಮುಚ್ಚುಮರೆ ಇಲ್ಲ.

"ಸಾರ್, ಡ್ರಾಯಿಂಗ್‌ನಲ್ಲಿ ಕಿಂಡಿ ಇದೆ. ಎಸ್ಟಿಮೇಟ್‌ನಲ್ಲಿ ಇಲ್ಲ."

"ಅದು ಹೇಗೆ?"

"ಗ್ರಾನೈಟಿಗೆ ರೇಟ್ ಇದೆ. ತೂತಿಗೆ ರೇಟ್ ಇಲ್ಲ. ರೇಟ್ ಇಲ್ಲದ ಐಟಮ್ಮಿಗೆ ಬಿಲ್ ಆಗಲ್ಲ."

"ಒಂದು ಅಡಿ ಕಲ್ಲು ಹಾಕದೇ ಬಿಟ್ಟರೆ ಅದೇ ಕಿಂಡಿ ಅಲ್ವಾ?"

"ಹಾಕದೇ ಬಿಟ್ಟರೆ ಆಡಿಟ್‌ನವರು ಬಿಡ್ತಾರಾ ಸಾರ್? ಒಂದು ಅಡಿ ಕಲ್ಲು ಎಲ್ಲಿ ಹೋಯ್ತು ಅಂತ ಕೇಳ್ತಾರೆ. ನಾಳೆ ನನ್ನ ಪೆನ್ಷನ್‌ನಲ್ಲಿ ಹಿಡೀತಾರೆ."

ನನಗೆ ಎದುರು ಮಾತು ಹೊಳೆಯಲಿಲ್ಲ. ಬೆಂಗಳೂರಿನ ಪ್ರವಾಹಕ್ಕೆ ನೂರು ಕಾರಣ ಓದಿದ್ದೇನೆ. ಒತ್ತುವರಿ, ಕಸ, ಹೂಳು, ಹವಾಮಾನ. ಶೂನ್ಯಕ್ಕೆ ಬಿಲ್ ಮಾಡಲು ಬರುವುದಿಲ್ಲ ಎನ್ನುವ ಕಾರಣವನ್ನು ಯಾವ ತಜ್ಞರೂ ಹೇಳಿರಲಿಲ್ಲ. ಯೋಚನೆ ಮಾಡಿ ನೋಡಿ, ನೀರಿಗೆ ಬೇಕಾಗಿರುವುದೆಲ್ಲ ಖಾಲಿ ಜಾಗವೇ. ಖಾಲಿ ಕೆರೆ, ಖಾಲಿ ಕಾಲುವೆ, ಖಾಲಿ ಮಣ್ಣು. ಖಾಲಿ ಬಿಡುವುದರಲ್ಲಿ ಯಾರಿಗೂ ಏನೂ ಗಿಟ್ಟುವುದಿಲ್ಲ. ಅದಕ್ಕೇ ರಸ್ತೆಗೆ ವೈಟ್ ಟಾಪಿಂಗ್ ಅನ್ನುವ ಕಾಂಕ್ರೀಟ್ ಹೊದಿಕೆ, ಫುಟ್‌ಪಾತಿಗೆ ಕಲ್ಲು, ಮರದ ಬುಡಕ್ಕೆ ಕುತ್ತಿಗೆ ಹಿಸುಕುವ ಹಾಗೆ ಸಿಮೆಂಟು.

ಹೂಳೆತ್ತುವುದಕ್ಕೆ ಮಾತ್ರ ರೇಟ್ ಇದೆ. ಹಾಗಾಗಿ ಅದು ನಿಷ್ಠೆಯಿಂದ ನಡೆಯುತ್ತದೆ. ಮಳೆಗಾಲಕ್ಕೆ ಮುಂಚೆ ಬಂದು, ಚಪ್ಪಡಿ ಎತ್ತಿ, ಮೋರಿಯ ಹೂಳನ್ನೆಲ್ಲ ತೆಗೆದು ಮೋರಿಯ ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ. ಫೋಟೋ ತೆಗೆಯುತ್ತಾರೆ. ಸಾಗಿಸುವುದು ಬೇರೆ ಟೆಂಡರ್. ಅಷ್ಟರಲ್ಲಿ ಮಳೆ ಬಂದು ಹೂಳನ್ನು ಪುಕ್ಕಟೆಯಾಗಿ ಮತ್ತೆ ಮೋರಿಗೆ ಸೇರಿಸುತ್ತದೆ. ನಮ್ಮ ಬೀದಿಯ ಹೂಳಿಗೆ ಈಗ ನಮ್ಮೆಲ್ಲರ ಮುಖಪರಿಚಯ ಇದೆ.

ಸರ್ಕಾರವನ್ನಷ್ಟೇ ಬೈದರೆ ತಪ್ಪಾಗುತ್ತದೆ, ನಾವೂ ಕಮ್ಮಿ ಇಲ್ಲ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನು ಬಂದಿದೆ. ಹಳೇ ಮನೆಯಾದರೆ 60-40 ಸೈಟು, ಹೊಸದಾದರೆ 30-40 ಸೈಟಿನಿಂದ ಶುರು. ಇಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 30-40 ಸೈಟಿನ ಮೇಲೆ ಬೀಳುವ ನೀರು ಲೆಕ್ಕ ಹಾಕಿದರೆ ಒಂದು ಲಕ್ಷ ಲೀಟರ್ ದಾಟುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 18 ಟ್ಯಾಂಕರ್, ಬಾಗಿಲಿಗೇ ಬಂದು, ಬಿಟ್ಟಿ. ನಾವು ಅದನ್ನು ಪೈಪಿನಲ್ಲಿ ರಸ್ತೆಗೆ ಬಿಟ್ಟು, ನೀರಿನ ಬಿಲ್ಲಿನ ಜೊತೆ ದಂಡ ಕಟ್ಟಿ, ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪ್ ಮಾಡಿ ಮೇಲೆ ತರಿಸಿಕೊಳ್ಳುತ್ತೇವೆ. ಕೆಲವರು ಜಾಣರು, ಪೈಪಿನ ಕೆಳಗೆ ಒಂದು ನೀಲಿ ಡ್ರಮ್ ಇಟ್ಟಿದ್ದಾರೆ. ಡ್ರಮ್ಮಿಗೆ ನಲ್ಲಿ ಇಲ್ಲ. ಇನ್‌ಸ್ಪೆಕ್ಷನ್ನಿಗೆ ನಲ್ಲಿ ಯಾಕೆ?

2024ರಲ್ಲಂತೂ ಬರ, ನೆರೆ ಎರಡೂ ಒಂದೇ ವರ್ಷದಲ್ಲಿ ಮುಗಿದವು. ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಅಕ್ಟೋಬರ್‌ನಲ್ಲಿ ಕಾರು ತಾನಾಗಿಯೇ ತೊಳೆದುಕೊಂಡಿತು, ಒಳಗಡೆ ಸೀಟಿನ ಸಮೇತ. ಯಲಹಂಕದ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಇಳಿಸಿದರು.

ಹಾಗಂತ ಈ ಊರಿಗೆ ಏನೂ ಗೊತ್ತಿಲ್ಲ ಅಂತಲ್ಲ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು, ಇನ್ನಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಕಬ್ಬನ್ ಪಾರ್ಕ್‌ನಲ್ಲಿ ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರು ಹಳೇ ಬಾವಿಗಳಿಗೆ ಜೀವ ಕೊಟ್ಟರು, ಇಂಗುಬಾವಿ ತೋಡಿದರು. ಮೆಟ್ರೋದಲ್ಲಿ ಹೋಗಿ ನೋಡಿ ಬರಬಹುದು. ಅದೇ ಅಲ್ವಾ ತೊಂದರೆ? ಮೆಟ್ರೋದಲ್ಲಿ ಹೋಗುವ ಜಾಗಕ್ಕೆ ಅಧ್ಯಯನ ಪ್ರವಾಸ ಹೇಗೆ ಮಂಜೂರಾಗುತ್ತದೆ? ಅದಕ್ಕೆ ಸಿಂಗಾಪುರವೇ ಬೇಕು. ಅಲ್ಲಿ ಬಿಷಾನ್ ಪಾರ್ಕ್‌ನಲ್ಲಿ ನೇರವಾಗಿ ಕಟ್ಟಿದ್ದ ಕಾಂಕ್ರೀಟ್ ಕಾಲುವೆಯನ್ನು ಒಡೆದು, ಹುಲ್ಲಿನ ದಂಡೆಯ, ಬಳುಕುವ ಹೊಳೆ ಮಾಡಿದ್ದಾರೆ. 2012ರಲ್ಲೇ ಮುಗಿದ ಕೆಲಸ. ಇಲ್ಲಿ ಮಾತ್ರ ವರ್ಷ ವರ್ಷ ರಾಜಕಾಲುವೆಗಳಿಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ ಏಳುತ್ತಲೇ ಇದೆ. ನೋಡಿಕೊಂಡು ಬಂದವರ ಫೋಟೋದಲ್ಲಿ 'ಮೊದಲು' ಯಾವುದು, 'ನಂತರ' ಯಾವುದು ಅಂತ ಅದಲು ಬದಲಾಗಿರಬೇಕು.

ಇತ್ತ ನಮ್ಮ ಬಡಾವಣೆಯವರು ಪಟ್ಟು ಬಿಡಲಿಲ್ಲ. ಅರ್ಜಿ ಕೊಟ್ಟರು, ಫೈಲು ಮೇಲೆ ಹೋಯಿತು, ಕೆಳಗೆ ಬಂತು. ಕೊನೆಗೆ ತೂತಿಗೆ ಹೊಸ ಹೆಸರು ಇಟ್ಟು, 'ಗ್ರಾನೈಟ್ ಕಟ್ಟೆಯ ಮರುವಿನ್ಯಾಸ' ಅಂತ ಬೇರೆ ಟೆಂಡರ್ ಕರೆದರು. ಹೆಸರು ಸಿಕ್ಕಿದ ಮೇಲೆ ರೇಟೂ ಸಿಕ್ಕಿತು. ಮಳೆಗಾಲ ಮುಗಿದ ವಾರ ಕೋರ್ ಕಟಿಂಗ್ ಮೆಷಿನ್ ಬಂತು. ಎರಡು ದಿನ ಕಿವಿ ತೂತಾಗುವ ಹಾಗೆ ಕೊರೆದರು. ನೋಡಿದರೆ ನಾಲ್ಕು ಕಿಂಡಿ, ಒಂದಕ್ಕಿಂತ ಒಂದು ಅಚ್ಚುಕಟ್ಟು. ನಾಲ್ಕೂ ರಸ್ತೆ ಕಡೆಗಲ್ಲ, ಅಜ್ಜಿಯ ಮನೆ ಕಡೆಗೆ. ಟ್ಯಾಂಕರ್ ಹುಡುಗ ಬಿಟ್ಟ ನೀರು ಈಗ ಸಲೀಸಾಗಿ ಅವರ ಗೇಟಿನೊಳಕ್ಕೆ ಹೋಗುತ್ತದೆ.

ಎಂಜಿನಿಯರ್‌ಗೆ ಫೋನ್ ಮಾಡಿದೆ.

"ಎಸ್ಟಿಮೇಟ್‌ನಲ್ಲಿ ದಿಕ್ಕು ಬರೆದಿಲ್ಲ ಸಾರ್" ಅಂದರು.