ಜರ್ಮನಿಯ ನರ್ಸ್ ಕೆಲಸಕ್ಕೆ ಭಾಷೆ ಬೇಡ ಅನ್ನುವುದು ಸುಳ್ಳು

ಬೀದರ್ ಕಡೆಯ ನರ್ಸಿಂಗ್ ಓದಿದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಜರ್ಮನಿಯಲ್ಲಿ ನರ್ಸ್ ಕೆಲಸ, ಜರ್ಮನ್ ಭಾಷೆ ಬೇಡ. ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲೇ ಕೆಲಸದ ವೀಸಾ ಮಾಡಿಸಬಹುದು. ಏಜೆಂಟ್ ಫೀಸು 3 ಲಕ್ಷ.’

ಜರ್ಮನಿಗೆ ನರ್ಸುಗಳು ಬೇಕು ಅನ್ನುವುದಷ್ಟೇ ನಿಜ. ಸುಳ್ಳು ನಂಬಿಸಲು ಅಷ್ಟು ಸಾಕಲ್ವಾ? ನಮ್ಮ ಬಿ.ಎಸ್‌ಸಿ., ಜಿ.ಎನ್‌.ಎಂ. ನರ್ಸಿಂಗ್ ಸರ್ಟಿಫಿಕೇಟಿಗೆ ಅಲ್ಲಿಯ ಸರ್ಕಾರಿ ಕಚೇರಿ ಮೊದಲು ಮಾನ್ಯತೆ ಕೊಡಬೇಕು. ಪೂರ್ಣ ನರ್ಸ್ ಆಗಿ ದುಡಿಯಲು ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಭಾಷಾ ಕಲಿಕೆಯ ಆರು ಹಂತಗಳಲ್ಲಿ ನಾಲ್ಕನೆಯದರ ಜರ್ಮನ್ ಕೇಳುತ್ತಾರೆ. ಅದು ಎರಡು ತಿಂಗಳ ಕೋರ್ಸಿನಲ್ಲಿ ಬರುವುದಲ್ಲ. ಎಲ್ಲಿ ನೋವು ಅಂತ ರೋಗಿ ಹೇಳಿದ್ದೇ ತಿಳಿಯದಿದ್ದರೆ ಮದ್ದು ಕೊಡುವುದು ಹೇಗೆ?

ಟೂರಿಸ್ಟ್ ವೀಸಾದಲ್ಲಿ ಇರಬಹುದಾದದ್ದು ಹೆಚ್ಚೆಂದರೆ 90 ದಿನ, ಕೆಲಸ ಮಾಡುವಂತಿಲ್ಲ. ಕೆಲಸದ ವೀಸಾ ಇಲ್ಲಿಂದಲೇ ಮಾಡಿಸಿಕೊಂಡು ಹೊರಡಬೇಕು.

ಇನ್ನು ದುಡ್ಡು. 1983ರ ವಲಸೆ ಕಾಯ್ದೆ ಪ್ರಕಾರ ಏಜೆಂಟರಿಗೆ ನೋಂದಣಿ ಕಡ್ಡಾಯ. ಅಂಥವರು ಕೆಲಸಕ್ಕೆ ಹೋಗುವವರಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಅದಕ್ಕಿಂತ ಜಾಸ್ತಿ ಇಲ್ಲ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್ ತಾಣದಲ್ಲಿ ಏಜೆಂಟರ ಹೆಸರು ಹುಡುಕಿ ನೋಡಿ. ಹೈದರಾಬಾದಿನಲ್ಲಿ ಆಫೀಸ್ ಇದೆ ಅಂದ ಮಾತ್ರಕ್ಕೆ ಸುಮ್ನೆ ನೋಟು ಎಣಿಸಬೇಡಿ.