ಹೂಳಿಟ್ಟ ಆರ್ಕಿಡ್

ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿಗೆ ಆರ್ಕಿಡ್ ಬಂದದ್ದು ಗೃಹಪ್ರವೇಶದ ಉಡುಗೊರೆಯಾಗಿ. ಫೆಲನಾಪ್ಸಿಸ್ ಅಂತ ಹೆಸರು. ಪತಂಗದ ಹಾಗಿರುವುದು ಎಂದು ಅರ್ಥವಂತೆ. ಎರಡು ತಿಂಗಳು ಹೂ ಬಾಡಲಿಲ್ಲ. ಬಂದವರೆಲ್ಲ ಪ್ಲಾಸ್ಟಿಕ್ಕಾ ಅಂತ ಮುಟ್ಟಿ ನೋಡಿ ಹೋದರು. ಹೂ ಉದುರಿದ ಮೇಲೆ ನನ್ನ ಸೇವೆ ಶುರುವಾಯಿತು.

ಎಲೆ ಜೋತುಬಿದ್ದರೆ ನೀರು ಸಾಲದು ಅಂತ ಅಲ್ವಾ? ತುಳಸಿಗೂ ಮಲ್ಲಿಗೆಗೂ ನನ್ನದು ಅದೇ ಲೆಕ್ಕ. ದಿನಾ ನೀರು ಹಾಕಿದೆ. ಎಲೆ ಇನ್ನೂ ಸುಕ್ಕಾಯಿತು. ಇನ್ನೂ ಜಾಸ್ತಿ ಹಾಕಿದೆ.

ಬೆಳ್ತಂಗಡಿಯಿಂದ ದೊಡ್ಡಮ್ಮ ಬಂದವರು ಚಟ್ಟಿಯೊಳಗೆ ಬೆರಳು ಹಾಕಿ ನೋಡಿದರು. "ಇದು ನಮ್ಮ ಸೀತೆದಂಡೆಯ ಜಾತಿಯದ್ದಲ್ವಾ ಮಾರಾಯ್ತಿ? ಇದನ್ನು ಯಾಕೆ ಹೂಳಿಟ್ಟಿದ್ದೀ?"

ಅವರ ಅಂಗಳದ ಹಲಸಿನ ಮರದಲ್ಲಿ ಸೀತೆದಂಡೆ ಇದೆ, ಅದೂ ಆರ್ಕಿಡ್ಡೇ. ಮಳೆ ಹಿಡಿಯುವ ಹೊತ್ತಿಗೆ ಗುಲಾಬಿ ಚುಕ್ಕೆಯ ಗೊಂಚಲು ಜಡೆಯ ಹಾಗೆ ಇಳಿಬೀಳುತ್ತದೆ. ಅದಕ್ಕೆ ಯಾರೂ ಒಂದು ಚೊಂಬು ನೀರು ಹಾಕಿದ್ದಿಲ್ಲ. ಬಂದಳಿಕೆಯ ಹಾಗೆ ಮರದ ರಸವನ್ನೂ ಹೀರುವುದಿಲ್ಲ, ಸುಮ್ನೆ ಕೂತಿರುತ್ತದೆ. ಬೇರು ಗಾಳಿಯಲ್ಲೇ ಇರುತ್ತದೆ. ಮಳೆ ಬಂದಾಗ ನೆನೆಯುತ್ತದೆ, ಬಿಟ್ಟಾಗ ಒಣಗುತ್ತದೆ.

ನಮ್ಮದನ್ನು ಚಟ್ಟಿಯಿಂದ ಎಳೆದೆವು. ಬೇರಿನ ಸುತ್ತ ಮಣ್ಣಿನ ಬದಲು ತುಂಬಿದ್ದ ಪಾಚಿ, ಹಿಂಡದೆ ಬಿಟ್ಟ ಬೈರಾಸಿನ ಹಾಗಿತ್ತು. ಬೇರುಗಳೆಲ್ಲ ಕಂದು. ಒಂದನ್ನು ಹಿಸುಕಿದರೆ ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ಬರೀ ನೂಲು. ನೀರು ಕುಡಿಯಲು ಬೇರೇ ಇಲ್ಲದ ಗಿಡ ಬಾಯಾರಿ ಸುಕ್ಕಾಗುತ್ತಿತ್ತು. ನಾನು ಅದನ್ನು ನೋಡಿ ಮತ್ತೆ ಮತ್ತೆ ನೀರು ಹಾಕುತ್ತಿದ್ದೆ. ಮೂರೇ ಮೂರು ಬೇರು ಗಟ್ಟಿಯಾಗಿದ್ದವು. ಅವು ಒಣಗಿದರೆ ಬೆಳ್ಳಿ ಬಣ್ಣ, ನೀರು ತಾಗಿದರೆ ಸ್ವಲ್ಪ ಹೊತ್ತಿನಲ್ಲೇ ಹಸಿರು. ಗಿಡವೇ ಬಣ್ಣ ಬದಲಿಸಿ ಹೇಳುತ್ತಿರುವಾಗ ನನಗೆ ಎಲೆ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಕತ್ತರಿಯನ್ನು ಬೆಂಕಿಗೆ ಹಿಡಿದು, ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಕತ್ತರಿಸಿದ ಜಾಗಕ್ಕೆ ಮಾತ್ರ ಪಲಾವಿನ ಚಕ್ಕೆ ಪುಡಿ ಮಾಡಿ ಹಚ್ಚಿದೆ. ಒಳ್ಳೆ ಬೇರಿಗೆ ತಾಗಿದರೆ ಅದೂ ಒಣಗುತ್ತದೆ. ಒಂದು ರಾತ್ರಿ ಹಾಗೇ ಗಾಳಿಗೆ ಇಟ್ಟೆ.

ಇನ್ನು ಚಟ್ಟಿಗೆ ಏನು ತುಂಬುವುದು? ದೊಡ್ಡಮ್ಮನ ಉತ್ತರ ರೆಡಿ ಇತ್ತು: "ಇದ್ದಿಲು, ಹಂಚಿನ ಚೂರು, ಸ್ವಲ್ಪ ತೆಂಗಿನ ಸಿಪ್ಪೆ. ಹಿತ್ತಲಲ್ಲಿ ಸಿಗ್ತದೆ." ನಾಲ್ಕನೇ ಮಹಡಿಗೆ ಎಲ್ಲಿಯ ಹಿತ್ತಲು! ಇದ್ದಿಲನ್ನು ಕೆಳಗಿನ ಇಸ್ತ್ರಿಯವರು ಕೊಟ್ಟರು. ಸಿಪ್ಪೆಯನ್ನು ಎಳನೀರಿನ ಅಂಗಡಿಯಿಂದ ತಂದು ಒಣಗಿಸಿದೆ. ಕಷ್ಟವಾದದ್ದು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಊರಿನಲ್ಲಿ, ಒಡೆದ ಹಂಚಿಗಾಗಿ ನಾನು ಬೀದಿ ಬೀದಿ ಸುತ್ತಿದೆ. ಕೊನೆಗೆ ಕದ್ರಿಯ ಹತ್ತಿರ ಹಳೇ ಮನೆಯೊಂದನ್ನು ಕೆಡವುತ್ತಿದ್ದರು. ಅಲ್ಲೂ ಫ್ಲ್ಯಾಟ್ ಬರುತ್ತದಂತೆ.

"ಇಡೀ ಹಂಚೇ ತಗೊಂಡು ಹೋಗಿ ಅಕ್ಕ" ಎಂದರು ಕಾವಲಿನವರು.

"ಬೇಡ, ಒಡೆದದ್ದೇ ಆಗಬೇಕು" ಎಂದೆ. ಅವರು ನನ್ನನ್ನು ಒಮ್ಮೆ ನೋಡಿ ಬೇರೆ ಕಡೆ ಹೋದರು.

ಮಳೆಗಾಲದಲ್ಲಿ ಇನ್ನೊಂದು ಹೆದರಿಕೆ. ಎಲೆ ಕೂಡುವ ಸುಳಿಯಲ್ಲಿ ನೀರು ನಿಂತರೆ ಅಲ್ಲೂ ಕೊಳೆ. ಅಡಿಕೆಗಾದರೆ ಮದ್ದು ಬಿಡುವವರನ್ನು ಕರೆಯಬಹುದು, ಇದಕ್ಕೆ ಬಂದಾರೆಯೇ? ಸೂರಿನ ಕೆಳಗೆ, ಎರಚಲು ತಾಗದ ಕಡೆ, ಚಟ್ಟಿಯನ್ನು ವಾಲಿಸಿ ಇಟ್ಟೆ. ಆಟಿ ತಿಂಗಳಿಡೀ ಒಂದು ಹನಿ ಹಾಕಬಾರದೆಂದು ಕೈ ಕಟ್ಟಿ ಕೂತೆ. ಅದೇ ಎಲ್ಲಕ್ಕಿಂತ ಕಷ್ಟ.

ಹೂ ಇನ್ನೂ ಬಂದಿಲ್ಲ. ಮೊಗ್ಗಿನ ಕಡ್ಡಿ ಹೊರಡಲು ಇದಕ್ಕೆ ರಾತ್ರಿಯ ತಂಪು ಬೇಕಂತೆ, ಮಂಗಳೂರಿನಲ್ಲಿ ಎಲ್ಲಿಂದ ತರಲಿ? ಆದರೆ ಹಸಿರು ತುದಿಯ ಎರಡು ಹೊಸ ಬೇರು ಬಂದಿವೆ. ಒಂದು ಬೇರು ಹಂಚಿನ ಚೂರನ್ನು ಅಪ್ಪಿಕೊಂಡಿದೆ. ಆ ಚೂರಿನ ಮೇಲೆ ಅಚ್ಚೊತ್ತಿದ ಊರ ಹೆಸರಿನ ಅರ್ಧ ಇತ್ತು, ಈಗ ಎರಡಕ್ಷರ ಮಾತ್ರ ಕಾಣುತ್ತದೆ.